ಗರಗಕ್ಕೆ ಹೋದ ಕೇರೆ ಹಾವು

ನಮ್ಮ ಕಾಕಾ ಒಮ್ಮೆ ಹುಬ್ಬಳ್ಳಿಯಿಂದ ಗರಗದವರೆಗೆ ಬಸ್ಸಿನಲ್ಲಿ ಹಾವು ಒಯ್ದಿದ್ದರು. ಗೋಣಿಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ತೊಡೆಯ ಮೇಲೆ ಇಟ್ಟುಕೊಂಡು.

(ಚೀಲದ ಬಾಯಿ. ಹಾವಿನದಲ್ಲ.)

ಈ ಸಂಗತಿ ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಗೊತ್ತಾದದ್ದು ಈ ಶ್ರಾವಣದಲ್ಲಿ. ಅದೂ ಎಲ್ಲಿ? ವಿದ್ಯಾನಗರದ ಒಂದು ಕಾಲೇಜಿನ ಹಾಲ್‌ನಲ್ಲಿ, ನಾನು ಜಡ್ಜ್ ಎಂಬ ಬ್ಯಾಜು ಚುಚ್ಚಿಕೊಂಡು, ಇಲ್ಲದ ಗಾಂಭೀರ್ಯವನ್ನು ಮುಖಕ್ಕೆ ತಂದುಕೊಂಡು ಕುಳಿತಿದ್ದಾಗ.

ಮೊದಲಿನಿಂದ ಹೇಳುತ್ತೇನೆ.

ಆ ಕಾಲೇಜಿನ ಪ್ರಾಣಿಶಾಸ್ತ್ರದ ಮೇಡಂ ಫೋನ್ ಮಾಡಿ, ಚರ್ಚಾಸ್ಪರ್ಧೆಗೆ ನಿರ್ಣಾಯಕಿಯಾಗಿ ಬರಬೇಕು ಎಂದರು. ವಿಷಯ: ‘ಹೊರಗಿನಿಂದ ಬಂದು ನೆಲೆಸುವ ಹಾವುಗಳಿಂದ ಪರಿಸರಕ್ಕೂ ಆರ್ಥಿಕತೆಗೂ ಹಾನಿಯೇ ಹೆಚ್ಚು.’ ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ನನಗೂ ಹಾವಿಗೂ ಏನು ಸಂಬಂಧ?

“ನೀವು ಹಲ್ಲಿ ಕಂಡು ಟೇಬಲ್ ಹತ್ತಿದ್ದು ಪೇಪರಿನ್ಯಾಗ ಬರದಿದ್ರಲ್ರಿ, ನಮ್ಮ ಸ್ಟಾಫ್ ರೂಮಿನ್ಯಾಗ ಎಲ್ಲಾರೂ ಓದಿ ನಕ್ಕೇವಿ” ಎಂದರು.

ಅದೇ ನನ್ನ ಅರ್ಹತೆ. ಈ ಅಂಕಣದಿಂದ ನನಗೆ ಎಂತೆಂಥ ಗೌರವ ಸಿಗುತ್ತಿದೆ ನೋಡಿ.

ನಾವು ಓದುವಾಗ ಚರ್ಚಾಸ್ಪರ್ಧೆಗೆ ಇಂಥ ವಿಷಯ ಇರುತ್ತಿರಲಿಲ್ಲ. ಟೀವಿ ಬೇಕೋ ಬೇಡವೋ, ಹಳ್ಳಿ ಮೇಲೋ ಪಟ್ಟಣ ಮೇಲೋ. ಎರಡೂ ಕಡೆಯ ಭಾಷಣವನ್ನು ಒಬ್ಬರೇ ಮಾಸ್ತರರು ಬರೆದುಕೊಡುತ್ತಿದ್ದರು. ಈಗಿನ ಮಕ್ಕಳು ಸೈಬರ್ ಕೆಫೆಗೆ ಹೋಗಿ ಪ್ರಿಂಟ್‌ಔಟ್ ತರುತ್ತಾರೆ. ಪ್ರಪಂಚದ ಯಾವ ಮೂಲೆಯ ಹಾವೂ ಇವರಿಂದ ತಪ್ಪಿಸಿಕೊಳ್ಳುವಂತಿಲ್ಲ.

ಅವತ್ತು ನನ್ನನ್ನು ಕಾಲೇಜಿಗೆ ತಂದು ಬಿಟ್ಟವರು ಶಿವಪ್ಪ ಕಾಕಾ, ನನ್ನ ತಂದೆಯ ತಮ್ಮ. ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಅವರದು ಕಾಳುಕಡಿಯ ದಲಾಲಿ ಅಂಗಡಿ. ಹಣೆಯ ಮೇಲೆ ವಿಭೂತಿ, ತಲೆಗೆ ಬಿಳಿ ಟೋಪಿ, ಕೆಳಗೆ ತಮ್ಮಷ್ಟೇ ಹಳೆಯದಾದ ಸ್ಕೂಟರ್. “ಕಾಕಾ, ನೀವು ಹೋಗ್ರಿ, ನಾ ಆಟೋದಾಗ ಬರ್ತೇನಿ” ಅಂದೆ. “ಹಾವಿನ ಮ್ಯಾಲೆ ಮಾತಾಡ್ತಾರ ಅಂದಿ. ಕೇಳೋಣಂತ” ಎಂದು ಹಿಂದಿನ ಸಾಲಿನಲ್ಲಿ ಹೋಗಿ ಕುಳಿತರು. ನಾನೂ ಸುಮ್ಮನಾದೆ. ಹಿಂದಿನ ಸಾಲಿನಲ್ಲಿ ಕುಳಿತ ಅರವತ್ತು ದಾಟಿದ ಮನುಷ್ಯ ಏನು ತಾನೇ ಮಾಡಿಯಾರು? ಒಂದು ನಿದ್ದೆ ತೆಗೆದಾರು.

ಮೊದಲು ಬಂದವಳು ಹಳೇ ಹುಬ್ಬಳ್ಳಿಯ ಹುಡುಗಿ, ರೇಷ್ಮಾ. ವಿಷಯದ ಪರ. ಕೈಯಲ್ಲಿ ಚೀಟಿ ಇಲ್ಲ, ದನಿಯಲ್ಲಿ ನಡುಕ ಇಲ್ಲ. ದೂರದ ಸಾಗರದ ನಡುವಿನ ಒಂದು ದ್ವೀಪದ ಕಥೆ ಹೇಳಿದಳು. ಯುದ್ಧ ಮುಗಿದ ಕಾಲದಲ್ಲಿ ಹಡಗಿನ ಸಾಮಾನಿನ ಸಂದಿಯಲ್ಲಿ ಅಡಗಿಕೊಂಡು ಮರ ಹತ್ತುವ ಹಾವೊಂದು ಅಲ್ಲಿಗೆ ಬಂತಂತೆ. ಅಲ್ಲಿನ ಹಕ್ಕಿಗಳಿಗೆ ಅಂಥ ಹಾವಿನ ಪರಿಚಯವೇ ಇರಲಿಲ್ಲ. ಹೆದರಬೇಕು ಎಂಬುದೂ ಗೊತ್ತಿರಲಿಲ್ಲ. ಗೂಡಿನಲ್ಲಿ ಕುಳಿತೇ ಇದ್ದವು. ವರ್ಷ ಕಳೆದ ಹಾಗೆ ಕಾಡಿನಲ್ಲಿ ಮರಗಳಿದ್ದವು, ಎಲೆಗಳಿದ್ದವು, ಹಕ್ಕಿಯ ದನಿ ಮಾತ್ರ ಇರಲಿಲ್ಲ.

“ಬೆಳಗಾಗುವುದು ಹೇಗೆ ಎಂದು ಆ ಕಾಡಿಗೆ ಮರೆತುಹೋಯಿತು” ಅಂದಳು. ನನ್ನ ಪೆನ್ನು ನಿಂತಿತು. ಇದನ್ನು ಯಾವ ಸೈಬರ್ ಕೆಫೆಯಲ್ಲೂ ಪ್ರಿಂಟ್ ತೆಗೆಯಲು ಬರುವುದಿಲ್ಲ.

ಆಮೇಲೆ ಆರ್ಥಿಕತೆಗೆ ಬಂದಳು. ಆ ಹಾವುಗಳು ವಿದ್ಯುತ್ ಕಂಬ ಹತ್ತಿ ತಂತಿಗೆ ತಾಗಿ, ಊರಿಗೆ ಊರೇ ಕತ್ತಲಾಗುತ್ತದಂತೆ. ಆಗ ನಡುವಿನ ಸಾಲಿನಿಂದ ಯಾರೋ ಕೂಗಿದರು: “ನಮ್ಮಲ್ಲೆ ಹಾವಿಲ್ದನಽ ಕರೆಂಟ್ ಹೋಗತೈತಿ!” ಹಾಲ್‌ಗೆ ಹಾಲೇ ನಕ್ಕಿತು. ರೇಷ್ಮಾಳೂ ನಕ್ಕಳು. ನಕ್ಕು ಮುಂದುವರಿಸಿದಳಲ್ಲ, ಅದಕ್ಕೂ ನಾನು ಒಂದು ಮಾರ್ಕು ಹಾಕಿದೆ.

ವಿರುದ್ಧ ಮಾತಾಡಿದವನು ವಿನಾಯಕ ಎಂಬ ಹುಡುಗ. ತಪ್ಪು ಹಾವಿನದಲ್ಲ, ಹಡಗಿನದು ಎಂದ. ಪ್ರೀತಿಯಿಂದ ಹೆಬ್ಬಾವು ಸಾಕಿ, ಬೇಸರವಾದ ಮೇಲೆ ಕೆರೆಯ ಪಕ್ಕ ಬಿಟ್ಟು ಬರುವ ವಿದೇಶಿ ಸಾಹುಕಾರರದು ಎಂದ. ಹಾವು ಇಲಿ ತಿನ್ನುತ್ತದೆ, ಇಲಿ ಕಡಿಮೆಯಾದರೆ ಧಾನ್ಯ ಉಳಿಯುತ್ತದೆ, ಇದು ಲಾಭವಲ್ಲವೇ ಎಂದು ಮೇಜು ಗುದ್ದಿದ. ಪಾಯಿಂಟ್ ಒಳ್ಳೆಯದೇ. ಗುದ್ದಿದ್ದು ಜಾಸ್ತಿಯಾಯಿತು.

ಆಗ ಹಿಂದಿನ ಸಾಲಿನಿಂದ ಒಂದು ದನಿ.

“ಬರೋಬ್ಬರಿ ಹೇಳಿದಿ ನೋಡಪಾ!”

ನನಗೆ ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ಆ ದನಿ ಹುಟ್ಟಿದಾಗಿನಿಂದ ಪರಿಚಯ.

ಕಾಕಾ ಎದ್ದು ನಿಂತಿದ್ದರು. ಪ್ರಾಣಿಶಾಸ್ತ್ರದ ಮೇಡಂ ಒಳ್ಳೆಯವರು. “ಹಿರಿಯರು ಏನೋ ಹೇಳಾಕತ್ತಾರ, ಕೇಳೋಣ” ಎಂದು ಮೈಕ್ ಅಲ್ಲಿಗೇ ಕಳಿಸಿದರು. ಅಷ್ಟು ಸಾಕಾಯಿತು. ಯಾರ್ಡಿನಲ್ಲಿ ಹರಾಜು ಕೂಗಿ ರೂಢಿಯಾದ ಗಂಟಲಿಗೆ ಮೈಕ್ ಬೇರೆ ಸಿಕ್ಕರೆ ಏನಾಗಬೇಡ?

ಕಾಕಾ ಹೇಳಿದ್ದು ಇಷ್ಟು. ಅವರ ಗೋದಾಮಿನಲ್ಲಿ ಬಹಳ ವರ್ಷಗಳಿಂದ ಕೇರೆ ಹಾವುಗಳಿವೆ. ಅವುಗಳಿಗೆ ವಿಷವಿಲ್ಲ, ಇಲಿ ಎಂದರೆ ಪಂಚಪ್ರಾಣ. ಹಮಾಲರೂ ಹೆದರುವುದಿಲ್ಲ, ದಾರಿ ಬಿಟ್ಟು ನಿಲ್ಲುತ್ತಾರೆ. ಅಕ್ಕಪಕ್ಕದ ಅಂಗಡಿಯವರು ಇಲಿ ಪಾಷಾಣ ಇಟ್ಟು ಇಟ್ಟು ಬೇಸತ್ತರು. ಇವರ ಗೋದಾಮಿನಲ್ಲಿ ಒಂದು ಚೀಲಕ್ಕೂ ತೂತಿಲ್ಲ.

“ನಾ ನಮ್ಮ ಅಕ್ಕಗೂ ಒಂದು ಒಯ್ದು ಕೊಟ್ಟೇನ್ರಿ!” ಎಂದರು ಹೆಮ್ಮೆಯಿಂದ. “ಗರಗದಾಗ ಆಕೀ ಮನ್ಯಾಗ ಇಲಿ ಕಾಟ ಭಾಳ ಇತ್ತು. ಚೀಲದಾಗ ಹಾಕ್ಕೊಂಡು ಬಸ್ಸಿನ್ಯಾಗ ಒಯ್ದೆ. ಕಂಡಕ್ಟರ್ ಏನ್ರಿ ಅದು ಅಂದಾ. ಬೀಜದ ಶೇಂಗಾ ಅಂದೆ. ಇಲಿ ಎಲ್ಲಾ ಖಲಾಸ್!”

ಚಪ್ಪಾಳೆಯೋ ಚಪ್ಪಾಳೆ. ಶಿಳ್ಳೆ ಬೇರೆ. ನಾನು ಮಾರ್ಕಿನ ಹಾಳೆಯಲ್ಲಿ ಮುಖ ಮುಚ್ಚಿಕೊಂಡೆ. ಮೇಡಂ ನಗುತ್ತಲೇ, ಹಾಗೆಲ್ಲ ಹಾವು ಹಿಡಿದು ಸಾಗಿಸುವುದು ಕಾನೂನಿಗೆ ವಿರುದ್ಧ ಎಂದು ತಿಳಿಸಿದರು. ಕಾಕಾ ಟೋಪಿ ಸರಿಮಾಡಿಕೊಂಡು, “ಆವಾಗ ಗೊತ್ತಿರಲಿಲ್ಲರಿ” ಎಂದು ಕೈಮುಗಿದರು. ಮತ್ತೆ ಚಪ್ಪಾಳೆ.

ಎಲ್ಲ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ರೇಷ್ಮಾ ಎದ್ದು ನಿಂತಳು. ಸ್ಟೇಜಿನ ಕನ್ನಡ ಬಿಟ್ಟು ಮನೆಯ ಕನ್ನಡದಲ್ಲಿ ಕೇಳಿದಳು.

“ಅಜ್ಜಾರ, ಒಂದು ಕೇಳ್ಲಿ? ನಿಮ್ಮ ಅಕ್ಕಾರ ಮನ್ಯಾಗ ಗುಬ್ಬಿ ಇದ್ವೇನ್ರಿ?”

“ಇದ್ವಲ್ಲವಾ. ಜಂತಿ ತುಂಬ ಗುಬ್ಬಿ ಗೂಡು. ನಮ್ಮ ಅಕ್ಕ ನೂಲೂ ರಾಟಿ ಸಪ್ಪಳಕ್ಕಿಂತ ಅವುರ ಸಪ್ಪಳನಽ ಹೆಚ್ಚ.”

“ಈಗ ಅದಾವೇನ್ರಿ?”

ಮೈಕ್ ಕಾಕಾನ ಕೈಯಲ್ಲೇ ಇತ್ತು. ಇಡೀ ಹಾಲ್ ಅವರ ಉತ್ತರಕ್ಕೆ ಕಾಯುತ್ತಿತ್ತು.

“ನಾ… ನೋಡಿಲ್ಲವಾ” ಎಂದು ಕುಳಿತರು.

ಮೊದಲ ಬಹುಮಾನ ರೇಷ್ಮಾಳಿಗೇ ಹೋಯಿತು. (ಇನ್ನಿಬ್ಬರು ನಿರ್ಣಾಯಕರೂ ಒಪ್ಪಿದರು. ಕಾಕಾನ ಮೇಲಿನ ಸಿಟ್ಟಿಗೆ ಕೊಟ್ಟದ್ದಲ್ಲ.) ಕಾರ್ಯಕ್ರಮ ಮುಗಿದ ಮೇಲೆ ಅವಳು ಕಾಕಾನ ಹತ್ತಿರ ಬಂದು, “ತಪ್ಪು ತಿಳ್ಕೋಬ್ಯಾಡ್ರಿ ಅಜ್ಜಾರ, ನಾ ವಾದಕ್ಕ ಕೇಳಿದ್ದು” ಎಂದಳು. ಮೇಡಂ ಕೂಡ ಸಮಾಧಾನ ಹೇಳಿದರು. ಕೇರೆ ಹಾವು ಈ ನಾಡಿನದೇ, ಗರಗದ ಹೊಲಗಳಲ್ಲೂ ಇರುತ್ತದೆ, ಅದನ್ನು ಹೊರಗಿನಿಂದ ಬಂದದ್ದು ಎಂದು ಶಾಸ್ತ್ರದ ಪ್ರಕಾರ ಕರೆಯಲು ಬರುವುದಿಲ್ಲ ಎಂದರು.

“ಊರಿಗೆ ಹೊರಗಿಂದಲ್ಲ, ಖರೇ” ಅಂದರು ಕಾಕಾ. “ಆ ಮನಿಗೆ ಹೊರಗಿಂದನಽ ಆತಲ್ರಿ.”

ಮೇಡಂ ಅವರ ಕೈಗೆ ಚಹಾದ ಕಪ್ ಕೊಟ್ಟರು.

ಮನೆಗೆ ಬರುವಾಗ ಸ್ಕೂಟರ್ ಮೇಲೆ ಕಾಕಾ ಒಂದು ಮಾತೂ ಆಡಲಿಲ್ಲ. ಸಾಮಾನ್ಯವಾಗಿ ಅವರು ಸಿಗ್ನಲ್‌ನಲ್ಲಿ ನಿಂತಾಗಲೂ ಪಕ್ಕದ ಗಾಡಿಯವನಿಗೆ ತೊಗರಿಯ ಧಾರಣೆ ಹೇಳುವವರು. ನನ್ನ ಗೇಟಿನ ಹತ್ತಿರ ಇಳಿಸಿ, “ಸುಮಾ, ರವಿವಾರ ಗರಗಕ್ಕ ಹೋಗೋಣೇನು?” ಎಂದರು.

ನಿಮಗೆ ಕಾಕಾನ ಸ್ವಭಾವ ಗೊತ್ತಿಲ್ಲ. ಅವರಿಗೆ ಕೊಡುವ ಚಟ. ಕೆಲವರಿಗೆ ಎಲೆ ಅಡಿಕೆಯ ಚಟ ಇರುವಂತೆ. ನಿಮಗೆ ಏನು ಬೇಕು ಎಂದು ಕೇಳುವುದಿಲ್ಲ, ನಿಮಗೆ ಇದು ಬೇಕು ಎಂದು ನಿರ್ಧರಿಸಿ ತಂದುಬಿಡುತ್ತಾರೆ. ನನ್ನ ಮನೆಯಲ್ಲಿ ಅವರು ಕೊಟ್ಟ ಬೀಸುಕಲ್ಲಿದೆ (ಮಿಕ್ಸಿ ಇದೆ ಎಂದರೂ ಕೇಳಲಿಲ್ಲ). ನಮ್ಮ ಓಣಿಯಲ್ಲಿ ನೀರು ಬರುವುದಿಲ್ಲ ಎಂದು ಇಬ್ಬರು ಒಳಗೆ ನಿಲ್ಲಬಹುದಾದಷ್ಟು ದೊಡ್ಡ ಡ್ರಮ್ ತಂದರು. ಅದು ಬಾಗಿಲಲ್ಲಿ ಹಿಡಿಯದೆ ಅಂಗಳದಲ್ಲೇ ಕುಳಿತಿದೆ. ಬೇಡ ಎನ್ನಲು ಯಾರಿಗೆ ಮನಸ್ಸಾಗುತ್ತದೆ? ಆ ಮುಖದ ಮೇಲಿನ ಸಂತೋಷ ನೋಡಿದರೆ ಡ್ರಮ್ಮನ್ನೂ ಅಪ್ಪಿಕೊಳ್ಳಬೇಕೆನಿಸುತ್ತದೆ.

ರವಿವಾರ ಧಾರವಾಡದಲ್ಲಿ ಬಸ್ ಬದಲಿಸಿ ಗರಗಕ್ಕೆ ಹೋದೆವು. ನೀಲವ್ವ ಅತ್ತಿ, ಅಂದರೆ ಕಾಕಾನ ಅಕ್ಕ, ಬಾಗಿಲಲ್ಲೇ ರಾಟಿ ಹಾಕಿಕೊಂಡು ಕುಳಿತಿದ್ದಳು. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ಮದುವೆಯಾಗಿ ಆ ಮನೆಗೆ ಬಂದಂದಿನಿಂದ ಅತ್ತಿ ಖಾದಿಗೆ ನೂಲುತ್ತಾಳೆ. ಈಗ ಕಣ್ಣು ಮಂಜಾದರೂ ಬೆರಳಿಗೆ ಎಲ್ಲ ಗೊತ್ತು. ನಮ್ಮನ್ನು ಕಂಡು ಎದ್ದವಳೇ ರೊಟ್ಟಿ ಬಡಿಯಲು ಕುಳಿತಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆನೆ ಮೊಸರು. ನಾನು ಮೂರು ತಿಂದೆ. ಕಾಕಾ ಒಂದರ ಅರ್ಧ ತಿಂದು ಮೇಲೆ ಜಂತಿ ನೋಡುತ್ತ ಕುಳಿತರು.

ಜಂತಿಯ ಸಂದಿಗಳಲ್ಲಿ ಒಣಹುಲ್ಲಿನ ಎಳೆಗಳು ಇನ್ನೂ ಜೋತು ಬಿದ್ದಿದ್ದವು. ಹಳೆಯವು. ಧೂಳು ಹಿಡಿದು ಕಪ್ಪಾಗಿದ್ದವು.

“ಅಕ್ಕಾ, ಗುಬ್ಬಿ ಎಲ್ಲಿ ಹೋದ್ವು?”

“ಹೊಲಕ್ಕ ಹೋಗಿರಬೇಕು. ನೀ ಉಣ್ಣು.”

“ಬಂದಾಗಿಂದ ಒಂದೂ ಕಾಣವಲ್ದು.”

“ಬರ್ತಾವ ತಗೋ. ಇನ್ನೊಂದು ರೊಟ್ಟಿ ಹಾಕ್ಲಿ?”

“ಅಕ್ಕಾ. ಖರೇ ಹೇಳು.”

ಅತ್ತಿ ರೊಟ್ಟಿಯ ಹಿಟ್ಟು ಮೆತ್ತಿದ ಕೈಯನ್ನು ತಾಟಿನ ಅಂಚಿಗೆ ಒರೆಸಿಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು.

ಹಾವು ಬಂದ ವರ್ಷವೇ ಇಲಿ ಕಡಿಮೆಯಾದವು. ಅದು ಸುಳ್ಳಲ್ಲ. ಅದಕ್ಕೂ ಮೊದಲು ಇಲಿಗಳು ನೂಲಲು ಇಟ್ಟ ಹತ್ತಿಯ ಹಂಜಿಯನ್ನೆಲ್ಲ ಎಳೆದೊಯ್ದು ಗೂಡು ಮಾಡುತ್ತಿದ್ದವು. ನೂಲಿನ ಲಡಿ ಕಡಿದು ಹಾಕುತ್ತಿದ್ದವು. ಅದು ನಿಂತಿತು. ಆದರೆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಜಂತಿಯ ಮೇಲೆ ಗುಬ್ಬಿಗಳು ಒಂದೇ ಸವನೆ ಚೀರಿದವು. ನೋಡಿದರೆ ಹಾವು ಗೋಡೆಯ ಬಿರುಕಿನಿಂದ ಮೇಲೇರಿ ಗೂಡಿನೊಳಗೆ ತಲೆ ಇಟ್ಟಿದೆ. ಅತ್ತಿ ಕಸಬರಿಗೆಯಿಂದ ಜಂತಿ ಬಡಿದಳು. ಅಷ್ಟರಲ್ಲಿ ಮರಿಗಳು ಇರಲಿಲ್ಲ. ಮರುವರ್ಷ ಎರಡು ಜೋಡಿ ಮಾತ್ರ ಬಂದವು. ಅದರ ಮರುವರ್ಷ ಒಂದೂ ಇಲ್ಲ.

“ದಿನಾ ಮುಂಜಾನೆ ನುಚ್ಚು ಹಾಕ್ತಿದ್ದೆ. ಅವು ಬರೂದು ನಿಂತ ಮ್ಯಾಲೂ ಒಂದು ವರ್ಷ ಹಾಕಿದೆ” ಎಂದಳು. “ಇರಿವಿ ತಿಂದು ಹೋಗ್ತಿದ್ವು.”

ನನಗೆ ಕಾಲೇಜಿನ ಹಾಲ್‌ನಲ್ಲಿ ಕೇಳಿದ ಸಾಗರದ ಕಥೆಗಿಂತ ಇದೇ ಹೆಚ್ಚು ತಾಗಿತು. ಅಲ್ಲಿ ಕಾಡಿಗೆ ಕಾಡೇ ಮೌನವಾಯಿತು. ಇಲ್ಲಿ ಒಬ್ಬ ಹೆಂಗಸಿನ ಅಡುಗೆಮನೆ. ಯಾವ ಮೌನ ದೊಡ್ಡದು? ಇದಕ್ಕೆ ಮಾರ್ಕು ಹಾಕುವ ಜಡ್ಜ್ ಯಾರು?

“ಮತ್ತ ನನಗ ಯಾಕ ಹೇಳಲಿಲ್ಲ?” ಕಾಕಾ ತಾಟು ಪಕ್ಕಕ್ಕೆ ಸರಿಸಿದರು. “ನಾ ಬಂದಾಗೊಮ್ಮೆ, ಹಾವು ಹೆಂಗೈತಿ ಅಂತ ಕೇಳ್ತಿದ್ದೆ. ಛಲೋ ಐತಿ ಅಂತಿದ್ದಿ.”

“ಹಾವು ಛಲೋನಽ ಇತ್ತಲ್ಲ!” ಎಂದು ಅತ್ತಿ ನಕ್ಕಳು. ಆಮೇಲೆ ದನಿ ತಗ್ಗಿಸಿ, “ನೀ ಎಷ್ಟು ಪ್ರೀತಿಲೆ ತಂದಿದ್ದಿ ತಮ್ಮಾ. ಅಷ್ಟು ದೂರ ಚೀಲದ ಮ್ಯಾಲೆ ಕೈ ಇಟ್ಕೊಂಡು, ಕೂಸಿನಂಗ ಹಿಡ್ಕೊಂಡು ಬಂದಿದ್ದಿ. ಹೆಂಗ ಹೇಳ್ಲಿ? ಇಲಿ ಹೋದವು, ಅದೂ ಖರೇ. ಅದನ್ನಷ್ಟಽ ಹೇಳಿದೆ.”

ಕಾಕಾ ಎದ್ದು ಹಿತ್ತಲಿಗೆ ಹೋದರು.

ನಾನು ಹಿಂದೆ ಹೋದಾಗ ಅವರು ಕೊಟ್ಟಿಗೆಯ ಹತ್ತಿರ ಒಂದು ಖಾಲಿ ಗೋಣಿಚೀಲ ಝಾಡಿಸುತ್ತಿದ್ದರು. ಹಿತ್ತಲ ಗೋಡೆಯ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ, ಅದು ಇತ್ತು. ಉದ್ದಕ್ಕೆ, ಆರಾಮಾಗಿ. (ಹಲ್ಲಿಗೆ ಟೇಬಲ್ ಹತ್ತುವ ನಾನು ಈ ಸಲ ಎತ್ತಿಗೆ ಮೇವು ಹಾಕುವ ಗೋದಲೆ ಹತ್ತಿದೆ.) ಬಾಲದ ತುದಿ ಮೊಂಡಾಗಿತ್ತು. “ನಮ್ಮದಽ. ಯಾರ್ಡಿನ್ಯಾಗ ಕೈಗಾಡಿ ಹಾದು ತುದಿ ಹೋಗಿತ್ತು” ಅಂದರು ಕಾಕಾ. ಪರಿಚಯದವರನ್ನು ದಾರಿಯಲ್ಲಿ ಕಂಡ ದನಿ. ಆದರೆ ಕಣ್ಣು ಒದ್ದೆಯಾಗಿತ್ತು.

“ವಾಪಸ್ ಒಯ್ತೇನಿ ಅಕ್ಕಾ. ನಾ ತಂದಿದ್ದು, ನಾನಽ ಒಯ್ತೇನಿ” ಎಂದು ಚೀಲ ಹಿಡಿದು ಎರಡು ಹೆಜ್ಜೆ ಮುಂದಿಟ್ಟರು.

“ಕಾಕಾ, ಕಾನೂನು!” ಎಂದೆ ನಾನು ಗೋದಲೆಯ ಮೇಲಿನಿಂದ. ಆ ಹೊತ್ತಿಗೆ ಹೊಳೆದದ್ದು ಅಷ್ಟೇ.

ಅತ್ತಿ ಬಂದು ಕಾಕಾನ ಕೈಯಿಂದ ಚೀಲ ತೆಗೆದುಕೊಂಡಳು. ಜಗ್ಗಾಡಲಿಲ್ಲ, ಬರೀ ತೆಗೆದುಕೊಂಡಳು.

“ಎಲ್ಲಿಗೆ ಒಯ್ತಿ?”

“ಅಮರಗೋಳಕ್ಕ. ಇಲ್ಲಾ, ಯಾವುದರ ಹೊಲಕ್ಕ.”

“ಅಲ್ಲೆ ಯಾರ ಮನಿ ಗುಬ್ಬಿ ಅದಾವೋ, ನಿನಗ ಗೊತ್ತೈತೇನು?”

ಅತ್ತಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

“ಅದರದೇನು ತಪ್ಪು? ಹೊಟ್ಟಿ ಐತಿ, ತಿಂದತಿ. ಇಷ್ಟು ವರ್ಷ ಇಲ್ಲೇ ಐತಿ, ಈಗ ಇದೂ ನಮ್ಮನಿದಽ. ಹಿತ್ತಲದಾಗ ಇರ್ಲಿ. ಒಳಗ ಬರೂ ದಾರಿ ಮುಚ್ಚು ಬೇಕಾದ್ರ.”

ಆ ಚರ್ಚಾಸ್ಪರ್ಧೆಯಲ್ಲಿ ನಾವು ಅಷ್ಟು ಹೊತ್ತು ಪರ-ವಿರೋಧ ಕೇಳಿದ್ದೆವಲ್ಲ, ಈ ಮಾತನ್ನು ಯಾರೂ ಹೇಳಿರಲಿಲ್ಲ. ಬಂದವರನ್ನು ಹೊರಗೆ ಹಾಕಬೇಕು ಎಂದವರಿದ್ದರು. ಬಂದದ್ದೇ ಒಳ್ಳೆಯದಾಯಿತು ಎಂದವರೂ ಇದ್ದರು. ಬಂದಾಗಿದೆ, ಹಾನಿಯೂ ಆಗಿದೆ, ಇನ್ನು ಹೇಗೆ ಬದುಕೋಣ ಹೇಳಿ ಎಂದು ಕೇಳುವವರು ಇರಲಿಲ್ಲ. ಹಡಗು ಬಂದುಹೋದ ಮೇಲೆ ಹಡಗನ್ನು ಬೈದು ಏನು ಮಾಡೋಣ?

ಅವತ್ತು ಸಂಜೆಯ ಬಸ್ ಬರುವವರೆಗೆ ಕಾಕಾ ಮಣ್ಣು ಕಲಸಿ ಗೋಡೆಯ ಬಿರುಕು ಮುಚ್ಚಿದರು. ಬಿಳಿ ಟೋಪಿಗೂ ಮಣ್ಣು. ಹೊಲದಿಂದ ಬಂದ ಅತ್ತಿಯ ಮಗ ಈರಣ್ಣ, ಮಾಮಾ ನಾ ಮಾಡ್ತೇನಿ ಬಿಡ್ರಿ ಎಂದರೂ ಬಿಡಲಿಲ್ಲ. ಕೊನೆಗೆ ಈರಣ್ಣ ಎರಡು ಹಳೆಯ ಮಣ್ಣಿನ ಗಡಿಗೆಗಳ ಪಕ್ಕಕ್ಕೆ ಗುಬ್ಬಿ ನುಸುಳುವಷ್ಟು ತೂತು ಮಾಡಿ, ಬಾಗಿಲ ಮುಂದಿನ ಕಟ್ಟೆಯ ಮೇಲಿನ ಸೂರಿನಿಂದ, ಗೋಡೆಯಿಂದ ದೂರ, ನುಣ್ಣನೆಯ ತಂತಿಗೆ ಇಳಿಬಿಟ್ಟ. ಹಾವು ಏರಬಾರದು, ಗುಬ್ಬಿ ಬರಬೇಕು. ಬರೀ ಬಯಕೆ. ಬರುತ್ತವೆ ಎಂದು ಯಾರು ಗ್ಯಾರಂಟಿ ಕೊಡಬೇಕು?

ವಾಪಸ್ ಬರುವಾಗ ಕಾಕಾ ಕಿಟಕಿಯ ಪಕ್ಕ ಕುಳಿತು, “ಸುಮಾ, ನಾ ಕೇಳಬೇಕಾಗಿತ್ತು” ಎಂದರು.

“ಏನನ್ನ ಕಾಕಾ?”

“ತರೂಕಿಂತ ಮೊದಲ ಆಕೀನ್ನ ಕೇಳಬೇಕಾಗಿತ್ತು. ಬೇಕೇನವಾ ಅಂತ.”

ನಾನೇನು ಕಡಿಮೆ? ತಂಗಿಯ ಮನೆಯ ಪರದೆಯ ಬಣ್ಣದಿಂದ ಹಿಡಿದು ಪಕ್ಕದ ಮನೆಯ ಸೊಸೆಯ ಅಡುಗೆಯವರೆಗೆ, ಕೇಳದೆ ಒಯ್ದು ಬಿಟ್ಟ ನನ್ನ ಸಲಹೆಗಳು ಯಾರ ಯಾರ ಜಂತಿ ಏರಿವೆಯೋ. ಅವರೂ ಛಲೋ ಐತಿ ಛಲೋ ಐತಿ ಎನ್ನುತ್ತಲೇ ಇದ್ದಾರೆ. ನೀವು? ನಿಮ್ಮ ಪ್ರೀತಿಯ ಚೀಲದಲ್ಲಿ ಏನೇನು ಹೋಗಿದೆ?

ಎರಡು ತಿಂಗಳು ಸುದ್ದಿ ಇರಲಿಲ್ಲ. ಗಡಿಗೆ ಖಾಲಿ. ದಸರೆ ಕಳೆದ ಮೇಲೆ ಈರಣ್ಣನ ಫೋನ್ ಬಂತು. ಒಂದು ಗಂಡು ಗುಬ್ಬಿ ಬಂದು ಗಡಿಗೆಯ ತೂತಿನಲ್ಲಿ ಇಣುಕಿ, ಏನೋ ಬೈದು ಹೋಯಿತಂತೆ. ನಾಲ್ಕು ದಿನ ಬಿಟ್ಟು ಹೆಂಡತಿಯನ್ನು ಕರೆದುಕೊಂಡು ಬಂತಂತೆ. ಆಕೆ ಒಳಗೆ ಹೋಗಿ ನೋಡಿ, ಹೊರಗೆ ಬಂದು, ಮತ್ತೆ ಒಳಗೆ ಹೋದಳಂತೆ. ಈಗ ಒಣಹುಲ್ಲು ಸಾಗಿಸುತ್ತಿವೆ. ಅತ್ತಿ ರಾಟಿಯನ್ನು ಕಟ್ಟೆಗೆ ತಂದಿಟ್ಟುಕೊಂಡು ಅಲ್ಲೇ ನೂಲುತ್ತಾಳೆ. ಇನ್ನೊಂದು ಗಡಿಗೆ ಇನ್ನೂ ಖಾಲಿಯೇ.

ಸುಖಾಂತ್ಯ ಎಂದುಕೊಂಡಿರಾ? ಬಿರುಕು ಮುಚ್ಚಿದ ಮೇಲೆ ಹಾವಿಗೆ ಒಳಗೆ ದಾರಿ ಇಲ್ಲ. ಹಾವಿಲ್ಲದ ಮನೆಯಲ್ಲಿ ಇಲಿಗಳು ಮತ್ತೆ ಬಂದಿವೆ. ಹಂಜಿಯ ಬುಟ್ಟಿಯನ್ನು ಈಗ ಹಗ್ಗಕ್ಕೆ ತೂಗುಹಾಕಿದ್ದಾರಂತೆ.

ಸುದ್ದಿ ತಿಳಿದ ಕಾಕಾ ಮರುದಿನವೇ ನಮ್ಮ ಮನೆಗೆ ಬಂದರು. ಮುಖದ ಮೇಲೆ ಅದೇ ಹಳೆಯ ಹೊಳಪು. “ಯಾರ್ಡಿನ್ಯಾಗ ಒಂದು ಬೆಕ್ಕು ಐತಿ. ಏನು ಚುರುಕ ಅಂತಿ!” ಎಂದರು. ನಾನು ಬರೀ ಅವರ ಮುಖ ನೋಡಿದೆ. ಅರ್ಥವಾಯಿತು. “ಇಲ್ಲ ಇಲ್ಲ, ಕೇಳ್ತೇನಿ, ಈ ಸಲ ಕೇಳ್ತೇನಿ” ಎಂದು ಹೊಸ ಮೊಬೈಲ್ ತೆಗೆದು, ನನ್ನಿಂದಲೇ ನಂಬರ್ ಒತ್ತಿಸಿದರು. ಅದನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಜೋರಾಗಿ, “ಅಕ್ಕಾ, ಒಂದು ಬೆಕ್ಕು ತರ್ಲಿ?” ಎಂದು ಕೂಗಿದರು.

ಗರಗದಿಂದ ಬಂದ ಉತ್ತರ ನನಗೂ ಸ್ಪಷ್ಟವಾಗಿ ಕೇಳಿಸಿತು.

“ಬೆಕ್ಕೂ ಬ್ಯಾಡ, ಏನೂ ಬ್ಯಾಡೋ ತಮ್ಮಾ. ಬರೂ ರವಿವಾರ ನೀನಽ ಬಾ, ಬರಿಗೈಲೆ ಬಾ!”